ಕನ್ನಡಕದ ಡಬ್ಬಿಯ ಕೆಳಗಿನ ಸಾಲು

ಮೇಷ್ಟ್ರು ತೀರಿಕೊಂಡ ಸುದ್ದಿಯನ್ನು ಅವರ ಅಳಿಯ ನನಗೆ ಎರಡೇ ಪದದಲ್ಲಿ ಹೇಳಿದರು. ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ಬಾಗಿಲು ತೆಗೆದರೆ ಆತ ಗೇಟಿನ ಆಚೆ ಮೋಟಾರ್ ಸೈಕಲ್ಲನ್ನು ಆರಿಸದೆ ನಿಂತಿದ್ದರು. "ಮಾವ ತೀರ್ಕೊಂಡ್ರು" ಅಂದರು. ಎಷ್ಟು ಹೊತ್ತಿಗೆ, ಹೇಗೆ, ನಿನ್ನೆ ಊಟ ಮಾಡಿದ್ದರಾ, ಯಾವ ಡಾಕ್ಟರು ನೋಡಿದ್ದು, ಆ ಡಾಕ್ಟರು ಬೇಡ ಅಂತ ನಾನು ಹೇಳಿರಲಿಲ್ಲವಾ, ಮಣ್ಣು ಎಷ್ಟು ಗಂಟೆಗೆ, ಅಷ್ಟರೊಳಗೆ ತಿಪಟೂರಿನಿಂದ ನನಗೆ ಬಸ್ಸು ಸಿಕ್ಕುತ್ತದಾ ಎಂದು ನಾನು ಒಂದೇ ಉಸಿರಿನಲ್ಲಿ ಕೇಳಿದೆ. ಆತ ಎಲ್ಲದಕ್ಕೂ ಸೇರಿಸಿ ಒಂದು ಸಲ ತಲೆಯಾಡಿಸಿ, "ಬನ್ನಿ ಸಾರ್" ಎಂದು ಹೊರಟುಹೋದರು. ಮೇಷ್ಟ್ರು ಬದುಕಿದ್ದಿದ್ದರೆ ಅಳಿಯನಿಗೆ ಪೂರ್ತಿ ಅಂಕ ಕೊಡುತ್ತಿದ್ದರು. ನನ್ನ ಪ್ರಶ್ನೆಗಳ ಮೇಲೆ ಕನ್ನಡಕದ ಡಬ್ಬಿ ಇಡುತ್ತಿದ್ದರು.

ಡಬ್ಬಿಯ ವಿಷಯ ಹೇಳದೆ ಅವರ ವಿಷಯ ಹೇಳಲಾಗುವುದಿಲ್ಲ. ತಗಡಿನ ಡಬ್ಬಿ, ಬಣ್ಣ ಕಿತ್ತದ್ದು, ಸರಿಯಾಗಿ ಮುಚ್ಚದ್ದರಿಂದ ರಬ್ಬರ್ ಬ್ಯಾಂಡ್ ಹಾಕಿದ್ದು. ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೂ ಕನ್ನಡಕ ಅವರ ಮೂಗಿನ ಮೇಲೇ ಇರುತ್ತಿದ್ದುದರಿಂದ ಡಬ್ಬಿಗೆ ಬೇರೆ ಉದ್ಯೋಗ ಹಚ್ಚಿದ್ದರು. ಯಾರಾದರೂ ಏನಾದರೂ ಬರೆದು ತಂದರೆ ಅದನ್ನು ಮೇಜಿನ ಮೇಲೆ ಹರಡಿ, ಒಂದು ಸಾಲಿನ ಮೇಲೆ ಡಬ್ಬಿಯನ್ನು ಅಡ್ಡ ಇಟ್ಟು, ಮೇಲಿನದನ್ನೂ ಕೆಳಗಿನದನ್ನೂ ಓದಿ, "ಈಗ ಏನ್ ಹೋಯ್ತು?" ಎಂದು ಕೇಳುವರು. ಏನೂ ಹೋಗಿಲ್ಲವೆಂದು ಬರೆದವನೇ ಒಪ್ಪಿಕೊಂಡ ಮೇಲೆ ಡಬ್ಬಿ ಎತ್ತಿ, ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು, ಡಬ್ಬಿಯನ್ನು ಮುಂದಿನ ಸಾಲಿಗೆ ಜರುಗಿಸುವರು. ಹುಡುಗರು ಅವರಿಗೆ 'ಏನ್ಹೋಯ್ತು ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು. ಹೆಸರು ಚಿಕ್ಕದಾಗಿದೆ ಎಂಬ ಕಾರಣಕ್ಕೆ ಅವರು ಅದನ್ನು ಸಹಿಸಿಕೊಂಡಿದ್ದರು ಎಂದು ನನ್ನ ಅನುಮಾನ.

ನಾನು ಅವರ ಕೈಗೆ ಸಿಕ್ಕಿದ್ದು ಒಂದು ರಜೆ ಚೀಟಿಯ ಮೂಲಕ. ತುರುವೇಕೆರೆ ತಾಲ್ಲೂಕಿನಲ್ಲಿ, ಮಾಯಸಂದ್ರದ ಕಡೆಯ ಒಂದು ಹೈಸ್ಕೂಲಿಗೆ ಸಮಾಜದ ಮೇಷ್ಟ್ರಾಗಿ ಹೊಸದಾಗಿ ಸೇರಿದ್ದೆ. ಅವರು ಕನ್ನಡ ಪಂಡಿತರು. ಹೆಡ್ಮಾಸ್ಟರ ಕುರ್ಚಿ ಖಾಲಿ ಬಿದ್ದಾಗಲೆಲ್ಲ ಇನ್‌ಚಾರ್ಜೂ ಅವರೇ. ಒಂದು ದಿನ ನನಗೆ ಹೊಟ್ಟೆನೋವು ಬಂತು. ರಜೆ ಕೇಳುವುದೆಂದರೆ ನನಗೆ ಆಗಲೂ ಈಗಲೂ ಕಳ್ಳತನ ಮಾಡಿದಷ್ಟು ಭಯ. ನಂಬುತ್ತಾರೋ ಇಲ್ಲವೋ ಎಂದು, ಹಿಂದಿನ ದಿನ ಯಾರ ಮನೆಯಲ್ಲಿ ಹಲಸಿನ ಹಣ್ಣು ತಿಂದೆ, ಬೇಡವೆಂದರೂ ಅವರು ಹೇಗೆ ಬಲವಂತ ಮಾಡಿದರು, ನೋವು ಎಡಗಡೆ ಶುರುವಾಗಿ ಬಲಗಡೆಗೆ ಹೇಗೆ ಬಂತು, ನಮ್ಮ ತಂದೆಯವರಿಗೂ ಇಂಥದೇ ದೇಹಸ್ಥಿತಿ ಎಂಬುದನ್ನೆಲ್ಲ ಎರಡು ಪುಟ ಬರೆದು, ಕಳಿಸಲು ಯಾರೂ ಸಿಕ್ಕದೆ, ನಾನೇ ಹೊಟ್ಟೆ ಹಿಡಿದುಕೊಂಡು ಹೋಗಿ ಕೊಟ್ಟೆ. ಅವರು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಡಬ್ಬಿ ಜರುಗಿಸತೊಡಗಿದರು. ಹಲಸಿನ ಹಣ್ಣು ಹೋಯಿತು. ಬಲವಂತ ಮಾಡಿದವರು ಹೋದರು. ನಮ್ಮ ತಂದೆಯವರು ಹೋದರು. ಕೊನೆಗೆ ಎರಡು ಪುಟದಲ್ಲಿ ಉಳಿದದ್ದು 'ಹೊಟ್ಟೆನೋವು, ರಜೆ ಬೇಕು' ಎಂಬುದಷ್ಟೆ.

"ಇಷ್ಟು ಬರೆಯೋ ಶಕ್ತಿ ಇದ್ದೋನಿಗೆ ಹೊಟ್ಟೆನೋವು ಅಂದ್ರೆ ಯಾರು ನಂಬ್ತಾರಪ್ಪ?" ಎಂದು ಕೇಳಿ ರಜೆ ಕೊಟ್ಟರು.

ಅವಮಾನವಾಯಿತು. ಆದರೆ ಮಾರನೆಯ ದಿನದಿಂದ ನಾನು ಬರೆದದ್ದನ್ನೆಲ್ಲ ಅವರಿಗೆ ತೋರಿಸಲು ಶುರುಮಾಡಿದೆ. ಹಲ್ಲುನೋವಿರುವವನು ನಾಲಿಗೆಯಿಂದ ಅದೇ ಹಲ್ಲನ್ನು ಮುಟ್ಟಿಕೊಳ್ಳುವಂತೆ.

ಒಂಬತ್ತನೇ ತರಗತಿಗೆ ಅವರು ಸಾರಾಂಶ ಬರೆಯುವುದನ್ನು ಕಲಿಸುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ನಾನು ಪಾಠ ನಿಲ್ಲಿಸಿ ಕೇಳುತ್ತಿದ್ದೆ. ನಡುವೆ ಇದ್ದದ್ದು ಅರ್ಧ ಗೋಡೆ. ತೋಟದಲ್ಲಿ ಬಾಳೆಗೊನೆ ಭಾರವಾದಾಗ ಗಿಡ ಬಾಗದಂತೆ ಕವೆಗೋಲು ಕೊಡುತ್ತಾರಲ್ಲ, ಅದು ಅವರ ಉದಾಹರಣೆ. ಒಂದು ಪ್ಯಾರಾ ಓದಿಸಿ, "ಇದರಲ್ಲಿ ಗೊನೆ ಯಾವುದು, ಕೋಲು ಯಾವುದು?" ಎನ್ನುವರು. ಹುಡುಗರು ಕೋಲನ್ನೇ ಗೊನೆ ಎಂದರೆ, "ಹಂಗಾರೆ ಅದನ್ನೇ ಸುಲಿದು ತಿನ್ನು" ಎನ್ನುವರು. ಒಮ್ಮೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರರು, ಇದು ತೆಂಗಿನ ಸೀಮೆಯಲ್ಲವೇ, ಮಟ್ಟೆ ಬೇರೆ ತಿರುಳು ಬೇರೆ ಎಂದು ಹೇಳಿಕೊಟ್ಟರೆ ಮಕ್ಕಳಿಗೆ ಸುಲಭವಲ್ಲವೇ ಎಂದು ಸಲಹೆ ಕೊಟ್ಟರು. ಮೇಷ್ಟ್ರು ಕೈಕಟ್ಟಿಕೊಂಡೇ, ನಮ್ಮ ಕಡೆ ಕಾಯಲ್ಲಿ ಬಿಸಾಡುವುದು ಎಂದು ಏನೂ ಇಲ್ಲ, ಮಟ್ಟೆ ನಾರಿಗೆ ಹೋಗುತ್ತದೆ, ಚಿಪ್ಪು ಇದ್ದಿಲಿಗೆ ಹೋಗುತ್ತದೆ, ಹಾಗೆ ಹೇಳಿದರೆ ಮಕ್ಕಳು ನಗುತ್ತವೆ ಎಂದುಬಿಟ್ಟರು. ಇನ್‌ಸ್ಪೆಕ್ಟರರ ವರದಿಯಲ್ಲಿ ಅದರ ಫಲ ನಮಗೆಲ್ಲರಿಗೂ ಸಿಕ್ಕಿತು.

ಬದುಕಿನಲ್ಲೂ ಅವರು ಹೀಗೇ. ಸ್ಕೂಲಿಗೆ ಜಾಗ ಕೊಟ್ಟ ಯಜಮಾನರು ತೀರಿಕೊಂಡಾಗ ಸಂತಾಪ ಸಭೆಯಲ್ಲಿ ಎದ್ದು ನಿಂತು, "ಅವರು ಜಾಗ ಕೊಟ್ಟರು. ನಾವು ಅದರ ಮೇಲೆ ನಿಂತಿದ್ದೀವಿ" ಎಂದು ಹೇಳಿ ಮೌನಾಚರಣೆಗೆ ತಲೆ ಬಗ್ಗಿಸಿದರು. ಭಾಷಣಕ್ಕಿಂತ ಮೌನವೇ ಉದ್ದವಾಯಿತು. ಯಜಮಾನರ ಮನೆಯವರು ಬಹಳ ದಿನ ಅವರನ್ನು ಮಾತಾಡಿಸಲಿಲ್ಲ. ನಾನು ಅವರ ಪರವಾಗಿ ಆ ಮನೆಗೆ ಹೋಗಿ ಸುದೀರ್ಘವಾಗಿ ಸಮಾಧಾನ ಹೇಳಿ ವಿಷಯವನ್ನು ಇನ್ನಷ್ಟು ಕೆಡಿಸಿ ಬಂದೆ.

ಈ ಮನುಷ್ಯ ಒಬ್ಬರ ಮಾತಿಗೆ ಮಾತ್ರ ಡಬ್ಬಿ ಇಡುತ್ತಿರಲಿಲ್ಲ. ಅವರ ಹೆಂಡತಿಯದು. ನಾವೆಲ್ಲ ಅಮ್ಮ ಎನ್ನುತ್ತಿದ್ದ ಆಕೆ, ಸಂಜೆ ಉಪ್ಪಿಟ್ಟಿನ ತಟ್ಟೆ ಕೊಡುತ್ತ, ಮನೆಯ ಹಸು ಯಾಕೆ ಹಾಲು ಕೊಡಲಿಲ್ಲ ಎಂಬುದನ್ನು ಹೇಳಬೇಕಾದರೆ ಆ ಹಸುವಿನ ತಾಯಿಯನ್ನು ತಮ್ಮ ತವರಿನಿಂದ ಹೊಡೆದುಕೊಂಡು ಬಂದ ದಿನದಿಂದ ಶುರುಮಾಡುವರು. ದಾರಿಯಲ್ಲಿ ಯಾರು ಸಿಕ್ಕಿದರು, ಅವರ ತಮ್ಮ ಏನು ತಮಾಷೆ ಮಾಡಿದ, ಯಾವ ಮರದ ಕೆಳಗೆ ಬುತ್ತಿ ಬಿಚ್ಚಿದರು ಎಲ್ಲ ಬರುತ್ತಿತ್ತು. ಮೇಷ್ಟ್ರು ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡು ಪೂರ್ತಿ ಕೇಳುವರು. ಹಸು ಯಾಕೆ ಹಾಲು ಕೊಡಲಿಲ್ಲ ಎಂಬುದು ಕೊನೆಗೂ ಬರದೆ ಹೋದರೂ ಕೇಳುತ್ತಿರಲಿಲ್ಲ. ಇದರ ಮರ್ಮವನ್ನು ನಾನು ಆಗ ಬಿಡಿಸಲು ಹೋಗಲಿಲ್ಲ. ನನಗೆ ನನ್ನ ಪ್ರೊಬೇಷನ್ನಿನ ಚಿಂತೆಯಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಅವರ ಒಬ್ಬಳೇ ಮಗಳಿಗೆ ಮದುವೆ ಗೊತ್ತಾಯಿತು. ಛತ್ರ ತಿಪಟೂರಿನಲ್ಲಿ. ಲಗ್ನಪತ್ರಿಕೆ ಅಚ್ಚು ಹಾಕಿಸಲು ಅವರ ಜೊತೆ ತಿಪಟೂರಿನ ಪ್ರೆಸ್ಸಿಗೆ ಹೋದವನು ನಾನೇ. ನಮ್ಮ ಕಡೆಯ ಲಗ್ನಪತ್ರಿಕೆ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಗಂಡು ಹೆಣ್ಣಿನ ವಿಚಾರ ಮೇಲೆ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತದೆ. ಕೆಳಗೆ 'ತಮ್ಮ ಆಗಮನ ಬಯಸುವವರು' ಎಂದು ಅಜ್ಜ, ಅಜ್ಜಿ, ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅವರವರ ಹೆಂಡತಿ ಮಕ್ಕಳು, ಹಿರಿತನದ ಪ್ರಕಾರ, ಒಬ್ಬರೂ ಮೇಲೆ ಕೆಳಗಾಗದ ಹಾಗೆ. ಅಮ್ಮ ಬಾಯಲ್ಲಿ ಹೇಳಿ ನನ್ನಿಂದ ಬರೆಸಿಕೊಟ್ಟಿದ್ದ ಹೆಸರುಗಳ ಹಾಳೆ ನನ್ನ ಜೇಬಿನಲ್ಲಿತ್ತು. ಪ್ರೆಸ್ಸಿನ ಕಟ್ಟೆಯ ಮೇಲೆ ಅದನ್ನು ಬಿಚ್ಚಿದೆ. ಮೇಷ್ಟ್ರು ಹಾಳೆಯ ಮೇಲೆ ಡಬ್ಬಿ ಇಟ್ಟರು. ಡಬ್ಬಿ ಸಾಲದೆ ಅಂಗೈಯನ್ನೂ ಇಟ್ಟರು.

"ಇದು ಹೋದ್ರೆ ಮದುವೆ ನಿಲ್ತದಾ?"

ಗೊತ್ತಿಲ್ಲ ಸಾರ್ ಎಂದೆ. ಗೊತ್ತಿಲ್ಲ ಅಂದರೆ ನಿಲ್ಲೋದಿಲ್ಲ ಅಂತ ಅರ್ಥ ಎಂದು ಅವರೇ ತೀರ್ಮಾನಿಸಿ ಹಾಳೆಯನ್ನು ಮಡಚಿ ವಾಪಸ್ ಕೊಟ್ಟರು. ಬಳಿಕ ತಮ್ಮ ಕೋಟಿನ ಜೇಬಿನಿಂದ ತಾವು ಬರೆದುಕೊಂಡು ಬಂದಿದ್ದ ಒಕ್ಕಣೆ ತೆಗೆದರು. ಇಂಥ ನಮ್ಮ ಮಗಳಿಗೂ ಇಂಥ ಊರಿನ ಇಂಥ ಹುಡುಗನಿಗೂ ಮದುವೆ, ಇಂಥ ದಿನ, ಇಂಥ ಹೊತ್ತಿಗೆ, ತಿಪಟೂರಿನ ಇಂಥ ಛತ್ರದಲ್ಲಿ, ಬನ್ನಿ. ಕೆಳಗೆ ಅವರ ಹೆಸರು. ಅಷ್ಟೇ. ಪ್ರೆಸ್ಸಿನವರು ಅರ್ಧ ಕಾರ್ಡು ಖಾಲಿ ಬಿದ್ದರೆ ನನ್ನ ಹತ್ತಿರ ಅಚ್ಚಿನ ಮೊಳೆ ಇಲ್ಲ ಅಂದ್ಕೋತಾರೆ ಸಾರ್ ಎಂದು ಗೋಗರೆದರು. ಬೇಕಾದರೆ ಒಂದು ಬಾಳೆಗಿಡ, ಒಂದು ಓಲಗದ ಚಿತ್ರವನ್ನಾದರೂ ಕೂರಿಸುತ್ತೇನೆ ಎಂದರು. ಮೇಷ್ಟ್ರು ಒಪ್ಪಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವರ ಮುಖದಲ್ಲಿ ಒಂದು ಕಳೆಯಿತ್ತು. ಇಷ್ಟು ವರ್ಷ ಊರಿನವರ ಬರಹವನ್ನೆಲ್ಲ ತಿದ್ದಿದ್ದೇನೆ, ನನ್ನದು ಎಂದು ಒಂದೂ ಅಚ್ಚಾಗಿಲ್ಲ, ಇದೊಂದೇ ಕಣಪ್ಪ ಎಂದು ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದರು. ನಾನು ಜೇಬಿನಲ್ಲಿದ್ದ ಹೆಸರುಗಳ ಹಾಳೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ.

ಕಾರ್ಡುಗಳು ಬಂದವು. ಅಮ್ಮ ಒಂದನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹಸುವಿನ ಕಥೆಯನ್ನು ಅದರ ತಾಯಿಯಿಂದ ಶುರುಮಾಡುತ್ತಿದ್ದ ಹೆಂಗಸು ಅವತ್ತು ಕೇಳಿದ್ದು ಇಷ್ಟೇ:

"ನನ್ನ ತಮ್ಮ ಎಲ್ಲಿ?"

ಮೇಷ್ಟ್ರು ಉಳಿದ ಕಾರ್ಡುಗಳನ್ನು ಎಣಿಸತೊಡಗಿದರು. ಆಕೆಯಿಂದ ಅಷ್ಟು ಚಿಕ್ಕ ವಾಕ್ಯ ಕೇಳಿ ಅವರಿಗೆ ಅಭ್ಯಾಸವಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಕೆಲಸವನ್ನೂ ಮಾಡಿಬಿಟ್ಟಿದ್ದರು. ಸುದ್ದಿ ತಲುಪಿದರೆ ಸಾಲದೇ ಎಂದು, ಕುಂಕುಮ ಹಿಡಿದು ಮನೆಮನೆಗೆ ಹೋಗಿ ಕರೆಯಬೇಕಾದ ನೆಂಟರಿಗೆಲ್ಲ ಕಾರ್ಡನ್ನು ಅಂಚೆಗೆ ಹಾಕಿದ್ದರು. ಅಮ್ಮನ ತಮ್ಮನಿಗೂ ಅಂಚೆಯಲ್ಲೇ ಹೋಗಿತ್ತು. ಆತ ನೊಣವಿನಕೆರೆ ಪಕ್ಕದ ಹಳ್ಳಿಯವರು, ತೋಟಸ್ತರು, ಅಕ್ಕನ ಕಡೆಯ ನೆಂಟರಿಗೆಲ್ಲ ಹಿರಿಯ ಇದ್ದಂತೆ. ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಕೆಲಸ. ಅದನ್ನು ಬೇರೆಯವರು ಮಾಡುವ ಪದ್ಧತಿಯಿಲ್ಲ. ಕೆಲವೇ ದಿನಗಳಲ್ಲಿ ಸುದ್ದಿ ಸುತ್ತಿಕೊಂಡು ನಮ್ಮ ಸ್ಕೂಲಿಗೇ ಬಂತು. ಆತ ತಿಪಟೂರಿನ ಕೊಬ್ಬರಿ ಸಂತೆಯಲ್ಲಿ ನಾಲ್ಕು ಜನರ ಮುಂದೆ, ನಾನ್ಯಾವನಪ್ಪ ಆ ಮದುವೆಗೆ, ಕಾರ್ಡಲ್ಲೇ ಇಲ್ವಲ್ಲ ಎಂದಿದ್ದರಂತೆ. ಆತ ಬರದಿದ್ದರೆ ನಾವೂ ಇಲ್ಲ ಎಂದು ಮಿಕ್ಕವರೂ ಕೂತಿದ್ದರಂತೆ. ಗಂಡಿನ ಕಡೆಯವರು ಬೇರೆ ಪತ್ರಿಕೆ ಹಾಕಿಸಿದ್ದರು, ಅದರಲ್ಲಿ ಊರಿಗೂರೇ ಇತ್ತು; ಅವರು ತುಂಬಿಕೊಂಡು ಬರುವರು. ಹೆಣ್ಣಿನ ಕಡೆ ಛತ್ರದಲ್ಲಿ ಯಾರಿರುತ್ತಾರೆ? ನಾನು, ಡ್ರಿಲ್ ಮೇಷ್ಟ್ರು, ಅಡಿಗೆಯವರು.

ಆ ವಾರ ನನಗೆ ನಿದ್ದೆ ಹತ್ತಲಿಲ್ಲ. ಮದುವೆ ನನ್ನ ಮಗಳದೇ ಎಂಬ ಹಾಗೆ ಒದ್ದಾಡಿದೆ. ನಾನಿನ್ನೂ ಮದುವೆಯಾಗಿರಲಿಲ್ಲ ಎಂಬುದನ್ನು ಇಲ್ಲಿ ಸೇರಿಸಬಹುದು, ಡಬ್ಬಿ ಇಟ್ಟು ತೆಗೆಯಲೂಬಹುದು. ಕೊನೆಗೆ ಮೇಷ್ಟ್ರೇ ಸ್ಟಾಫ್ ರೂಮಿಗೆ ಬಂದು, "ನಾಳೆ ನೊಣವಿನಕೆರೆ ಕಡೆ ಹೋಗಾಣ. ನೀನೇ ಮಾತಾಡಬೇಕು ಕಣಪ್ಪ. ನಿನಗೆ ಸುತ್ತಿ ಬಳಸಿ ಮಾತಾಡೋದು ಬತ್ತದೆ" ಎಂದರು. ನನ್ನ ಅವಗುಣಕ್ಕೆ ಬೇಡಿಕೆ ಬಂದದ್ದು ಜೀವಮಾನದಲ್ಲಿ ಅದೊಂದೇ ಸಲ.

ತುರುವೇಕೆರೆಯಲ್ಲಿ ಬಸ್ಸು ಬದಲಾಯಿಸಿ, ನೊಣವಿನಕೆರೆಯಲ್ಲಿ ಇಳಿದು, ತೋಟಗಳ ನಡುವೆ ನಡೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವರು ಡಬ್ಬಿಯ ರಬ್ಬರ್ ಬ್ಯಾಂಡನ್ನು ಎಳೆದು ಬಿಡುತ್ತಿದ್ದರು. ಟಪ್, ಟಪ್. ನಾನು ಎಲ್ಲಿಂದ ಶುರುಮಾಡಬೇಕು, ಎಲ್ಲಿಗೆ ಬರಬೇಕು ಎಂದು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ.

ಅಮ್ಮನ ತಮ್ಮ ಜಗಲಿಯ ಮೇಲೆ ಕೂತು ಕಾಯಿ ನೋಡುತ್ತಿದ್ದರು. ಕೊಬ್ಬರಿಗೆಂದು ಅಟ್ಟದ ಮೇಲೆ ವರ್ಷವಿಡೀ ಒಣಗಿಸಿದ ಕಾಯಿಗಳನ್ನು ಇಳಿಸಿ ರಾಶಿ ಹಾಕಿಕೊಂಡು, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಒಳಗೆ ಕೊಬ್ಬರಿಯ ಗಿಟುಕು ಚಿಪ್ಪು ಬಿಟ್ಟು ಲೊಡಲೊಡ ಎಂದರೆ ಒಂದು ಕಡೆ, ಸದ್ದಿಲ್ಲದಿದ್ದರೆ ಇನ್ನೊಂದು ಕಡೆ. "ಬನ್ನಿ ಭಾವ, ಕೂತ್ಕಳಿ" ಎಂದರು. ನನಗೆ ಎಳನೀರು ಬಂತು, ಭಾವನಿಗೂ ಬಂತು. ಕಾಯಿ ಅಲ್ಲಾಡಿಸುವುದು ನಿಲ್ಲಲಿಲ್ಲ.

ನಾನು ಶುರುಮಾಡಿದೆ. ಮಳೆ, ಕೊಬ್ಬರಿಯ ಧಾರಣೆ, ಕಿಬ್ಬನಹಳ್ಳಿ ಕಡೆಯ ರಸ್ತೆ, ಮರಗಳಿಗೆ ಬಂದಿರುವ ರೋಗ, ನನಗೆ ಬಂದಿದ್ದ ಹೊಟ್ಟೆನೋವು. ಆತ ಎಲ್ಲದಕ್ಕೂ ಮರ್ಯಾದೆಯಿಂದ ಉತ್ತರ ಕೊಟ್ಟರು. ಮಕ್ಕಳ ವಿದ್ಯಾಭ್ಯಾಸ, ಹೆಣ್ಣುಮಕ್ಕಳ ವಿದ್ಯಾಭ್ಯಾಸ, ಹೆಣ್ಣುಮಕ್ಕಳ ವಯಸ್ಸು ಎಂದು ನಾನು ಒಂದೊಂದೇ ಮೆಟ್ಟಿಲು ಇಳಿದು ಮದುವೆಯ ಹತ್ತಿರ ಬರುತ್ತಿದ್ದೆ. ಮೇಷ್ಟ್ರು ಮತ್ತೆ ಡಬ್ಬಿಯ ರಬ್ಬರ್ ಬ್ಯಾಂಡ್ ಎಳೆಯತೊಡಗಿದ್ದರು.

"ಮೇಷ್ಟ್ರೇ," ಎಂದರು ಆತ ನನ್ನ ಕಡೆ ತಿರುಗಿ, ಕಾಯಿಯನ್ನು ಕಿವಿಯಿಂದ ಇಳಿಸದೆ. "ಆಗ್ಲಿಂದ ಊರೆಲ್ಲಾ ಸುತ್ತುತಾ ಇದೀರ. ಬಂದಿದ್ದು ಏನಕ್ಕೆ, ಅದ ಹೇಳ್ಬುಡಿ."

ನಾನು ಎಳನೀರಿನ ಬುರುಡೆ ಕೆಳಗಿಟ್ಟೆ. ಮೇಷ್ಟ್ರು, "ಮದುವೆಗೆ ನೀನು ಬರಬೇಕು" ಎಂದರು.

ಆತ ಎದ್ದು ಒಳಗೆ ಹೋಗಿ ಕಾರ್ಡು ತಂದು ಜಗಲಿಯ ಮೇಲೆ ಇಟ್ಟರು. "ಆ ಡಬ್ಬಿ ಕೊಡಿ ಭಾವ ಇಲ್ಲಿ" ಎಂದು ಇಸಕೊಂಡು, ಕಾರ್ಡಿನ ಕೆಳಗಡೆ ಖಾಲಿ ಬಿದ್ದಿದ್ದ ಜಾಗದ ಮೇಲೆ ಅಡ್ಡ ಇಟ್ಟರು.

"ನಾನು, ನಮ್ಮೋರೆಲ್ಲಾ ಇರ್ಬೇಕಾಗಿದ್ದು ಇಲ್ಲಿ. ಈಗ ಏನ್ ಹೋಯ್ತು ಭಾವ?"

ಅಕ್ಕನ ಮನೆಯಲ್ಲಿ ಆತ ಎಷ್ಟೋ ಸಲ ನೋಡಿ ನಕ್ಕಿದ್ದ ಆಟ ಅದು. ಅವತ್ತು ನಗುತ್ತಿರಲಿಲ್ಲ.

ಮೇಷ್ಟ್ರು, ನೀನು ಇದ್ದೇ ಇರ್ತೀಯ ಅಂತಲೇ ಬರೀಲಿಲ್ಲ ಕಣಯ್ಯ ಎಂದರು. ಇದ್ದೇ ಇರೋದನ್ನ ಯಾರೂ ಬರೆಯೋದಿಲ್ಲ, ಬೆಳಿಗ್ಗೆ ಹೊತ್ತು ಹುಟ್ತದೆ ಅಂತ ಲಗ್ನಪತ್ರಿಕೇಲಿ ಹಾಕ್ತೀವಾ ಎಂದರು. ನನಗೆ ಆ ವಾದ ಬಹಳ ಚೆನ್ನಾಗಿದೆ ಎನಿಸಿತು. ಗೆದ್ದೆವು ಎಂದುಕೊಂಡೆ.

ಆತ ಇನ್ನೊಂದು ಕಾಯಿ ಎತ್ತಿಕೊಂಡು ಅಲ್ಲಾಡಿಸಿದರು. ಸದ್ದು ಬರಲಿಲ್ಲ. ಆ ಕಡೆ ಇಟ್ಟರು.

"ಹೆಣ್ಣಿನ ಅಪ್ಪಾನೂ ಇದ್ದೇ ಇರ್ತಾನಲ್ಲ ಭಾವ. ನಿಮ್ಮ ಹೆಸ್ರು ಯಾಕ್ ಹಾಕುದ್ರಿ?"

ಮೇಷ್ಟ್ರು ಕಾರ್ಡನ್ನು ಹತ್ತಿರಕ್ಕೆ ಎಳೆದುಕೊಂಡು, ಜೇಬಿನಿಂದ ಕೆಂಪು ಪೆನ್ನು ತೆಗೆದು, ಇಷ್ಟು ವರ್ಷ ನಮ್ಮೆಲ್ಲರ ಸಾಲುಗಳನ್ನು ಹೊಡೆದ ಅದೇ ಕೈಬೀಸಿನಲ್ಲಿ ತಮ್ಮ ಹೆಸರನ್ನು ಹೊಡೆದರು. "ತಗೊ. ಈಗ ಸರಿ ಹೋಯ್ತಾ?"

ಆತ ಬಗ್ಗಿ ನೋಡಿದರು. "ಈಗ ಕರೆಯೋರು ಯಾರೂ ಇಲ್ವಲ್ಲ ಭಾವ ಇದ್ರಲ್ಲಿ. ಯಾರೂ ಕರೀದೆ ಇರೋ ಮದ್ವೆಗೆ ಹೆಂಗ್ ಬರಾನ?"

ಮೇಷ್ಟ್ರು ಎದ್ದು ನಿಂತರು. ಜಗಲಿಯಿಂದ ಕೆಳಗಿಳಿದು ಅಂಗಳದಲ್ಲಿ ನಿಂತು ಕೈಮುಗಿದರು. ಅವರು ಯಾರಿಗೂ ಕೈಮುಗಿದದ್ದನ್ನು ನಾನು ಕಂಡಿರಲಿಲ್ಲ. ಇನ್‌ಸ್ಪೆಕ್ಟರರಿಗೂ ಕೈಕಟ್ಟಿ ನಿಲ್ಲುತ್ತಿದ್ದರಷ್ಟೇ. ಮುಗಿದ ಕೈಗಳ ಗುರುತು ತಮಗೇ ಸಿಗದವರಂತೆ ಅವುಗಳನ್ನೇ ನೋಡಿಕೊಂಡು ಹೇಳಿದರು: "ನಾನು ಕರೀತಾ ಇದೀನಿ. ಬಾ."

"ನೋಡಾನ ಬುಡಿ" ಎಂದರು ಆತ.

ಬರುತ್ತೇನೆ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ನನ್ನಂಥವನಿಗೆ ಇದಕ್ಕಿಂತ ಕ್ರೂರವಾದ ಮಾತು ಇನ್ನೊಂದಿಲ್ಲ. ಬಸ್ಸಿನಲ್ಲಿ ನಾನು ಆ ಮಾತನ್ನು ಹತ್ತು ಬಗೆಯಲ್ಲಿ ಬಿಡಿಸಿ ಅರ್ಥ ಹೇಳುತ್ತಿದ್ದರೆ ಮೇಷ್ಟ್ರು ಕೇಳಿಸಿಕೊಳ್ಳಲೇ ಇಲ್ಲ. ತುರುವೇಕೆರೆ ಬಂದಾಗ, "ನನ್ನ ಹೆಸರು ಯಾಕೆ ಹಾಕಿದೆ ಅಂದ್ರೆ, ಅಚ್ಚಲ್ಲಿ ನೋಡೋ ಆಸೆ ಕಣಪ್ಪ" ಎಂದರು.

ಮದುವೆಯ ಬೆಳಿಗ್ಗೆ ನನ್ನನ್ನು ಛತ್ರದ ಬಾಗಿಲಲ್ಲಿ ಪನ್ನೀರು ಎರಚಲು ನಿಲ್ಲಿಸಿದ್ದರು. ಗಂಡಿನ ಕಡೆಯವರು ಬಂದರು, ಇನ್ನೂ ಬಂದರು. ಹೆಣ್ಣಿನ ಕಡೆಯ ಸಾಲುಗಳಲ್ಲಿ ಜಮಖಾನ ಮಾತ್ರ ಕಾಣುತ್ತಿತ್ತು. ಅನ್ನ ಎಷ್ಟಕ್ಕೆ ಇಡಬೇಕು ಎಂದು ಅಡಿಗೆಯವರು ಬಂದು ಬಂದು ಕೇಳುತ್ತಿದ್ದರು. ನಾನು ಪ್ರತಿ ಸಲವೂ ಬೇರೆ ಬೇರೆ ಉತ್ತರ ಕೊಟ್ಟೆ. ಬಸ್ ಸ್ಟ್ಯಾಂಡಿನ ಕಡೆಯಿಂದ ಯಾರು ತಿರುಗಿದರೂ ಆತನೇ ಎಂದು ಪನ್ನೀರುದಾನಿ ಎತ್ತುತ್ತಿದ್ದೆ. ಅಮ್ಮ ಕಿಟಕಿಗೆ ಬಂದು ನನ್ನ ಮುಖ ನೋಡಿ ಹಾಗೆಯೇ ಒಳಗೆ ಹೋಗುತ್ತಿದ್ದರು.

ಮಂಟಪದಿಂದ ಮದುವೆ ಮಾಡಿಸುವ ಅಯ್ನೋರು, ಸೋದರಮಾವ ಎಲ್ಲಪ್ಪ, ಹುಡುಗೀನ ಕರ್ಕೊಂಡು ಬರಲಿ ಎಂದರು. ಯಾರೂ ಏಳಲಿಲ್ಲ. ಎರಡನೇ ಸಲ ಕೇಳಿದಾಗ ಗಂಡಿನ ತಂದೆ, ಹೊತ್ತು ಮೀರುತ್ತದೆ, ಸೋದರಮಾವನ ಸ್ಥಾನದಲ್ಲಿ ಯಾರಾದರೂ ಹಿರಿಯರು ಒಬ್ಬರು ನಿಂತರೆ ಆಯಿತಲ್ಲ, ಕೆಲಸ ಮುಖ್ಯ ಎಂದು ಮೃದುವಾಗಿಯೇ ಹೇಳಿದರು. ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಅವರೇ ಜೀವಮಾನವಿಡೀ ಹೇಳಿದ ಮಾತು ಅದು. ಯಾರು ನಿಂತರೇನು, ಮದುವೆ ಮದುವೆಯೇ.

"ಬೇರೆಯವರು ಬೇಡ" ಎಂದರು ಮೇಷ್ಟ್ರು. ಎದ್ದು ಹೊರಗೆ ಬಂದು ನನ್ನ ಪಕ್ಕ ನಿಂತರು. ಮುಖ ಕಪ್ಪಿಟ್ಟಿತ್ತು. ಜೇಬಿಗೆ ಕೈ ಹಾಕಿ ಡಬ್ಬಿ ಹುಡುಕಿದರು; ಹೊಸ ಅಂಗಿಯಲ್ಲಿ ಅದು ಇರಲಿಲ್ಲ.

ಆಗ ಬಂತು ಲಾರಿ. ಕೊಬ್ಬರಿ ಹೇರುವ ಲಾರಿ, ಮುಂದೆ ತೆಂಗಿನ ಹೊಂಬಾಳೆ ಕಟ್ಟಿಕೊಂಡು, ಹಿಂದೆ ಜನ. ಗೋಣಿಚೀಲದ ಮೇಲೆ ಕೂತ, ರೇಷ್ಮೆ ಸೀರೆ ಉಟ್ಟ ಹೆಂಗಸರು, ಪೇಟದ ಮುದುಕರು, ಕಂಕುಳಲ್ಲಿ ಕೂಸುಗಳು. ಡ್ರೈವರ್ ಪಕ್ಕದಿಂದ ಆತ ಇಳಿದರು. ಮೈಯೆಲ್ಲ ಧೂಳು.

"ನೀವ್ ಕಾರ್ಡಲ್ಲಿ ಬುಟ್ಟಿದ್ರಲ್ಲ ಭಾವ, ಅಷ್ಟೂ ಜನಾನ ಮನೆಮನೆಗೋಗಿ ಕರ್ದು ತುಂಬ್ಕಂಡ್ ಬರೋದ್ರೊಳಗೆ ಹೊತ್ತಾಯ್ತು" ಎಂದು ಹೇಳಿ, ಉತ್ತರಕ್ಕೆ ಕಾಯದೆ, ಕೈಕಾಲು ತೊಳೆಯಲು ಬಚ್ಚಲು ಎಲ್ಲಿ ಎಂದು ನನ್ನನ್ನು ಕೇಳಿದರು.

ಮೇಷ್ಟ್ರು ಲಾರಿಯ ಹಿಂದಕ್ಕೆ ಹೋದರು. ಇಳಿಯುವವರಿಗೆ ಒಬ್ಬೊಬ್ಬರಿಗೂ ಕೈಕೊಟ್ಟು, ಬಾಗಿಲಿಗೆ ಬಂದಿದ್ದ ಗಂಡಿನ ತಂದೆಗೆ ಹೇಳತೊಡಗಿದರು. ಇವರು ನಮ್ಮ ಮನೆಯವಳ ದೊಡ್ಡಮ್ಮ, ಇವರು ಅವರ ಮಗ, ಇವಳು ಸೊಸೆ, ಚಿಕ್ಕನಾಯಕನಹಳ್ಳಿ ಕಡೆಯವಳು, ಈ ಕೂಸು ಹೋದ ವರ್ಷ ಹುಟ್ಟಿದ್ದು. ಹೆಸರು, ಊರು, ನಂಟು. ನಾನು ಬರೆದು ಜೇಬಿನಲ್ಲಿಟ್ಟುಕೊಂಡಿದ್ದ ಆ ಹಾಳೆ ಅವರ ಬಾಯಿಂದ ಹಿರಿತನದ ಕ್ರಮದಲ್ಲೇ ಬರುತ್ತಿತ್ತು, ಒಬ್ಬರೂ ಬಿಟ್ಟುಹೋಗದ ಹಾಗೆ. ಅಮ್ಮನ ಕಥೆಗಳನ್ನು ಅವರು ಅಷ್ಟು ವರ್ಷ ಯಾಕೆ ಅಡ್ಡಮಾತಿಲ್ಲದೆ ಕೇಳಿದ್ದರೋ ಗೊತ್ತಿಲ್ಲ, ಇವರೆಲ್ಲ ಅವುಗಳೊಳಗೆ ಇದ್ದವರೇ. ನನಗೆ ಮಾತ್ರ ಪ್ರಾಣ ಹೋಗುತ್ತಿತ್ತು.

"ಸಾರ್, ಮುಹೂರ್ತ ಮೀರ್ತದೆ" ಎಂದೆ.

"ತಡಿಯಪ್ಪ" ಎಂದು ಇನ್ನೊಬ್ಬ ಅಜ್ಜಿಗೆ ಕೈಕೊಟ್ಟರು.

ಮುಹೂರ್ತ ಮೀರಲಿಲ್ಲ. ಸೋದರಮಾವ ಒದ್ದೆ ಪಾದದಲ್ಲೇ ಹುಡುಗಿಯ ಕೈಹಿಡಿದು ಕರೆತಂದರು. ಅನ್ನ ಸಾಲಲಿಲ್ಲ, ನನ್ನ ಲೆಕ್ಕ ನಂಬಿದ ಅಡಿಗೆಯವರು ಮತ್ತೆ ಎಸರಿಟ್ಟರು.

ಇದಾದ ಮೇಲೆ ಮೇಷ್ಟ್ರು ಬದಲಾದರು ಎಂದು ಬರೆದರೆ ಚೆನ್ನಾಗಿರುತ್ತದೆ. ಬದಲಾಗಲಿಲ್ಲ. ಡಬ್ಬಿ ಮಾರನೆಯ ವಾರವೇ ಮೇಜಿಗೆ ಬಂತು. ನನ್ನ ವರ್ಗಾವಣೆಯ ಅರ್ಜಿಯನ್ನು ಅವರು ಎಷ್ಟು ಕತ್ತರಿಸಿದರೆಂದರೆ, ಕಾರಣ ಸಾಲದು ಎಂದು ಅದು ವಾಪಸ್ ಬಂತು. ಒಂದು ವ್ಯತ್ಯಾಸ ನನಗಷ್ಟೇ ಕಾಣುತ್ತಿತ್ತು. ಮೊದಲು ಡಬ್ಬಿ ಇಟ್ಟ ತಕ್ಷಣ ಕೆಂಪು ಪೆನ್ನು ಏಳುತ್ತಿತ್ತು. ಈಗ ಡಬ್ಬಿ ಇಟ್ಟು ಸುಮ್ಮನೆ ಸ್ವಲ್ಪ ಹೊತ್ತು ಕೂರುವರು. ಕೋಲು ತೆಗೆದ ಕೂಡಲೇ ಗೊನೆ ಬೀಳೋದಿಲ್ಲ ಕಣಪ್ಪ, ಗಾಳಿ ಬರೋವರೆಗೂ ಗೊತ್ತಾಗೋದಿಲ್ಲ ಎಂದು ಒಮ್ಮೆ ಹೇಳಿದ್ದರು. ನಾನು ಆಮೇಲೆ ತಿಪಟೂರಿಗೆ ಬಂದೆ, ಅವರು ನಿವೃತ್ತರಾದರು, ಹಬ್ಬಕ್ಕೊಮ್ಮೆ ಹೋಗಿ ನೋಡುತ್ತಿದ್ದೆ.

ಮಣ್ಣು ಮುಗಿದ ಮೂರನೇ ದಿನ ಅವರ ಮಗಳು ನನ್ನನ್ನು ಕರೆಸಿದಳು. ಅಪ್ಪನ ಶಿವಗಣಾರಾಧನೆಯ ಕಾರ್ಡನ್ನು ನಾನೇ ಬರೆದುಕೊಡಬೇಕಂತೆ. ನಾನು ಮೂರು ರಾತ್ರಿ ಬರೆದೆ. ಗೇಟಿನ ಬೀಗ ನೋಡಲು ಎದ್ದೆ, ಮತ್ತೆ ಬಂದು ಬರೆದೆ. ಚಿಕ್ಕದಾಗಿ ಬರೆದರೆ ಜನ ಮುನಿಯುತ್ತಾರೆ, ಉದ್ದ ಬರೆದರೆ ಮೇಷ್ಟ್ರು ಮುನಿಯುತ್ತಾರೆ. ಕೊನೆಗೆ ಧೈರ್ಯ ಸಾಲದೆ ಎಲ್ಲರ ಹೆಸರನ್ನೂ ಹಾಕಿ, ಹಾಳೆ ಹಿಡಿದುಕೊಂಡು ಊರಿಗೆ ಹೋದೆ. ಜಗಲಿಯ ಮೇಲೆ ಅಮ್ಮ ಕೂತಿದ್ದರು. ಪಕ್ಕದಲ್ಲಿ ಅವರ ತಮ್ಮ. ಆತನೂ ಈಗ ಮುದುಕರು, ಕಿವಿ ಮಂದವಾಗಿದೆ, ಕಾಯಿ ನೋಡಲು ಮಗನನ್ನು ಕೂರಿಸುತ್ತಾರಂತೆ. ಗಟ್ಟಿಯಾಗಿ ಓದಿದೆ. ತಮ್ಮ ಹೆಸರು ಬಂದಾಗ ಆತ ಕೈ ಎತ್ತಿದರು.

"ನನ್ ಹೆಸ್ರು ತಗೀರಿ ಮೇಷ್ಟ್ರೇ."

ನನಗೆ ಗಾಬರಿಯಾಯಿತು. ಓದಿದ್ದರಲ್ಲಿ ಹಿಂದೆ ಮುಂದೆ ಆಯಿತೇನೋ, ಯಾರದಾದರೂ ಹೆಸರಿನ ಕೆಳಗೆ ಹಾಕಿಬಿಟ್ಟೆನೇನೋ ಎಂದು ಹಾಳೆ ತಿರುವಿದೆ. ತಪ್ಪಾಗಿದ್ದರೆ ಸರಿಪಡಿಸುತ್ತೇನೆ, ನೀವಿಲ್ಲದೆ ಹೇಗೆ, ಜನ ಏನೆಂದಾರು, ಹಿಂದೆ ಆದದ್ದು ಸಾಲದೇ ಎಂದು ನನ್ನ ಪದ್ಧತಿಯಂತೆ ಶುರುಮಾಡಿದೆ. ಆತ ನಾನು ಮುಗಿಸುವವರೆಗೂ ಕಾದರು.

"ನಾನ್ ಇದ್ದೇ ಇರ್ತೀನಲ್ಲ" ಎಂದರು.

ಅಮ್ಮ ಒಳಗೆ ಹೋಗಿ ಡಬ್ಬಿ ತಂದು ನನ್ನ ಮುಂದೆ ಇಟ್ಟರು. ರಬ್ಬರ್ ಬ್ಯಾಂಡ್ ಜೋತುಬಿದ್ದಿತ್ತು. ಆ ಸಾಲಿನ ಮೇಲೆ ಇಟ್ಟು, ಸ್ವಲ್ಪ ಹೊತ್ತು ಕೂತು, ಆಮೇಲೆ ಹೊಡೆದೆ.

ಆರಾಧನೆಯ ದಿನ ನಾನು ಬೇಗ ಹೋದೆ, ಜನ ಬರುತ್ತಾರೋ ಇಲ್ಲವೋ, ಪ್ರಸಾದ ಸಾಲುತ್ತದೋ ಇಲ್ಲವೋ ಎಂದು. ನನಗಿಂತ ಮೊದಲೇ ಆತ ಚಪ್ಪರದ ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. ಬಂದವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು. ಮಧ್ಯಾಹ್ನ ಪಂಕ್ತಿ ಏಳುವಾಗ ಅಳಿಯನ ಕಡೆಯ ಹಿರಿಯರೊಬ್ಬರು ಕಾರ್ಡನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದರು. ಬರೆದದ್ದು ನೀವೇ ಅಂತೆ, ಎಲ್ಲ ಸರಿ, ಅಮ್ಮನ ತಮ್ಮನನ್ನೇ ಬಿಟ್ಟಿದ್ದೀರಲ್ಲ ಎಂದು ಕೇಳಿದರು. ನನಗೆ ಹೇಳಬೇಕಾದದ್ದು ಎಷ್ಟೊಂದಿತ್ತು. ಪ್ರೆಸ್ಸು, ಜಗಲಿ, ಕೆಂಪು ಪೆನ್ನು, ಲಾರಿ, ಎಲ್ಲ ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಬಾಗಿಲ ಕಡೆ ಕೈ ತೋರಿಸಿದೆ.